ಗೆಳೆಯನಿಗೊಂದು ಪತ್ರ: ಮಾಲೀಕ ಮುಳುಗಿಸಿದರೂ ತಂತಿ ಉಳಿಯಿತು

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ನೀನು "ಮಾಲೀಕರು ದುಡ್ಡು ನುಂಗಿದರು, ಕಂಪನಿ ದಿವಾಳಿ ಅಂತ ಕೋರ್ಟಿಗೆ ಹೋಯ್ತು, ಎಲ್ಲಾ ಮುಗೀತು ಕಣೋ" ಅಂದಾಗ ನನಗೆ ಏನು ಹೇಳೋದು ಅಂತ ತೋಚಲಿಲ್ಲ. ರಾತ್ರಿ ಮಲಗಿದಾಗ ಅಡೆಲ್ಫಿಯಾ ನೆನಪಾಯ್ತು. ಅದೂ ನಿಮ್ಮದರ ಹಾಗೆ ಕೇಬಲ್ ಕಂಪನಿ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೌಡರ್ಸ್‌ಪೋರ್ಟ್ ಅಂತ ಪುಟ್ಟ ಊರು. 1952ರಲ್ಲಿ ಜಾನ್ ರಿಗಾಸ್ ಅಲ್ಲಿ 300 ಡಾಲರಿಗೆ ಕೇಬಲ್ ಹಕ್ಕು ಕೊಂಡ. ಅದೇ ಬೆಳೆದು ಅಡೆಲ್ಫಿಯಾ ಆಯ್ತು, ಐವತ್ತು ವರ್ಷದಲ್ಲಿ ಐವತ್ತು ಲಕ್ಷಕ್ಕೂ ಜಾಸ್ತಿ ಗ್ರಾಹಕರಾದರು. 2002ರ ಮಾರ್ಚ್ 27ರಂದು ಕಂಪನಿ ಲೆಕ್ಕ ಪ್ರಕಟಿಸಿತು. ಅದರ ಒಂದು ಅಡಿಟಿಪ್ಪಣಿಯಲ್ಲಿ ಗುಟ್ಟು ಹೊರಬಿತ್ತು. ರಿಗಾಸ್ ಕುಟುಂಬ ಎತ್ತಿದ 230 ಕೋಟಿ ಡಾಲರ್ ಸಾಲಕ್ಕೆ ಕಂಪನಿಯೇ ಹೊಣೆ, ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ! ಜೂನ್ 25ಕ್ಕೆ ದಿವಾಳಿ ಅರ್ಜಿ. ಜಾನ್ ರಿಗಾಸ್‌ನ ಮಗಳಿಗೆ ಕ್ರಿಸ್‌ಮಸ್ ಮರ ಕಳಿಸೋಕೆ ಕಂಪನಿಯ ವಿಮಾನ ಬಳಸಿದ್ದರು, ಮೊದಲನೆಯದು ಗಿಡ್ಡ ಆಯ್ತು ಅಂತ ಇನ್ನೊಂದು ಮರವನ್ನೂ ಹಾಗೇ ಕಳಿಸಿದ್ದರು ಅಂತ ಕೋರ್ಟಿನಲ್ಲಿ ಸಾಕ್ಷಿ ಬಂತು. ನಿನ್ನ ಬಾಕಿ ಸಂಬಳ ನೆನಪಾಗಿ ಹೊಟ್ಟೆ ಉರಿಯಿತು. 2005ರಲ್ಲಿ ತಂದೆಗೆ 15 ವರ್ಷ, ಮಗ ಟಿಮೊಥಿಗೆ 20 ವರ್ಷ ಜೈಲು ಶಿಕ್ಷೆಯಾಯಿತು.

ಆದರೆ ನೋಡು, ಟಿವಿ ನಿಲ್ಲಲಿಲ್ಲ. ಅಲ್ಲಿನ ದಿವಾಳಿ ಕಾನೂನಿನ 11ನೇ ಅಧ್ಯಾಯದಲ್ಲಿ ಅರ್ಜಿ ಹಾಕಿದರೆ ಸಾಲ ಕೊಟ್ಟವರು ಮೈಮೇಲೆ ಬೀಳೋ ಹಾಗಿಲ್ಲ, ಕಂಪನಿ ನಡೀತಾನೇ ಇರಬಹುದು. ನಿನ್ನಂಥವರು ಕಂಬ ಹತ್ತಿ ಲೈನ್ ಸರಿ ಮಾಡುತ್ತಲೇ ಇದ್ದರು. 2003ರಲ್ಲಿ ವಿಲಿಯಂ ಷ್ಲೇಯರ್ ಹೊರಗಿನಿಂದ ಬಂದು ಚುಕ್ಕಾಣಿ ಹಿಡಿದ. ಹಳೇ ವರ್ಷಗಳ ಲೆಕ್ಕವನ್ನು ಮತ್ತೆ ಬರೆಸಿದರು. 2006ರ ಜುಲೈ 31ಕ್ಕೆ ಟೈಮ್ ವಾರ್ನರ್ ಮತ್ತು ಕಾಮ್‌ಕಾಸ್ಟ್ ಅನ್ನೋ ಕೇಬಲ್ ಕಂಪನಿಗಳು ಸೇರಿ ಅಡೆಲ್ಫಿಯಾವನ್ನು 1,700 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡವು. ದಿವಾಳಿಯಾದ ಕಂಪನಿಗೆ ಅಷ್ಟು ಬೆಲೆ ಬಂದದ್ದು ಆ ತಂತಿ, ಆ ಗ್ರಾಹಕರಿಂದ ಅಲ್ವಾ?

ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ಅಡೆಲ್ಫಿಯಾ ಅನ್ನೋ ಹೆಸರು ಉಳಿಯಲಿಲ್ಲ. ಷೇರು ಹಿಡಿದ ಸಾಮಾನ್ಯ ಜನ ಕೈ ಸುಟ್ಟುಕೊಂಡರು. ಮುಖ್ಯ ಕಚೇರಿ ಡೆನ್ವರ್ ಕಡೆ ಹೋಯ್ತು, ಆ ಪುಟ್ಟ ಊರಿನ ಕೆಲಸಗಳೂ ಅದರ ಹಿಂದೆಯೇ ಹೋದವು. ನನಗೆ ಜಾಸ್ತಿ ಬೇಜಾರಾಗೋದು ಅದಕ್ಕೇ. ನಿನಗೂ ಪೆಟ್ಟು ಬೀಳಬಹುದು. ಆದರೆ ಹತ್ತು ವರ್ಷ ನೀನು ಎಳೆದ ಲೈನು ಯಾರದೋ ಕಳ್ಳತನದಿಂದ ಸುಳ್ಳಾಗಲ್ಲ, ಅದನ್ನು ನಡೆಸೋಕೆ ಯಾರೇ ಬಂದರೂ ನಿನ್ನ ಕೈ ಬೇಕು.

ದಿವಾಳಿ ಕೇಸಿನಲ್ಲಿ ನೌಕರರು ಬಾಕಿ ಸಂಬಳ ಕೇಳೋಕೆ ಹಾಕೋ ಫಾರಂ ಡಿ ಕೊಟ್ಟೆಯಾ? ಇಲ್ಲ ಅಂದ್ರೆ ಭಾನುವಾರ ಸಂಬಳದ ಚೀಟಿಗಳನ್ನೆಲ್ಲ ತಗೊಂಡು ಮನೆಗೆ ಬಾ, ಕೂತು ತುಂಬೋಣ. ಊಟಕ್ಕೆ ಇಲ್ಲೇ ಇರು.

ನಿನ್ನ,
ರವಿ