ಗಂಟೆಯಿಂದ ಗಂಟೆಯವರೆಗೆ ಜೊತೆಗಿದ್ದವರಿಗೆ

ಹನ್ನೊಂದು ಹಾಡು, 38 ನಿಮಿಷ, ಒಂದೇ ಕಥೆ. ಮೊದಲ ದಿನದ ಗಂಟೆಯಿಂದ ಕೊನೆಯ ದಿನದ ಗಂಟೆಯವರೆಗೆ ಶಾಲೆಯಲ್ಲಿ ಬೆಳೆಯುವ ಮಗುವಿನ ಕುರಿತ ಈ ಪಾಪ್ ಆಲ್ಬಮ್ ಹೊರಬಂದಿದೆ. ಹಾಡಿದವರ, ನುಡಿಸಿದವರ ಹೆಸರು ಕವರಿನ ಮೇಲಿದೆ. ಬಿಡಿ ಹಾಡುಗಳ ಕಂತೆಯಾಗದೆ ಇದು ಒಂದು ಕಥೆಯಾಗಿ ನಿಂತಿದ್ದರೆ, ಅದು ಹಾಡಿಗೂ ಹಾಡಿಗೂ ನಡುವಿನ ಹೊಲಿಗೆಯಿಂದ. ಹೊಲಿಗೆ ನಯವಾದಷ್ಟೂ ಕಣ್ಣಿಗೆ ಬೀಳುವುದಿಲ್ಲ, ಹೊಲಿದವರೂ ಅಷ್ಟೆ. ಈ ಬರಹ ಅವರಿಗೆ.

ಮೊದಲು ಸಾಹಿತ್ಯ ತಿದ್ದಿಕೊಟ್ಟವರಿಗೆ ನಮಸ್ಕಾರ. ಶಾಲೆಯ ಮೇಲೆ ಹಾಡು ಬರೆಯಲು ಕೂತರೆ ಪೆನ್ನಿನ ತುದಿಗೆ ಮೊದಲು ಬರುವುದು ‘ನೆನಪು’, ಅದರ ಬೆನ್ನಿಗೇ ‘ಆ ದಿನಗಳು’. ಆರು ವರ್ಷದ ಮಗುವಿಗೆ ‘ಆ ದಿನಗಳು’ ಎಲ್ಲಿಂದ ಬರಬೇಕು? ಹತ್ತನೇ ಹಾಡು ಮುಗಿಯುವವರೆಗೂ ಭೂತಕಾಲದ ಕ್ರಿಯಾಪದ ಬೇಡವೆಂದು ಹಟ ಹಿಡಿದು ಎಲ್ಲವನ್ನೂ ವರ್ತಮಾನಕ್ಕೆ ತಂದವರು ಅವರೇ. ಹನ್ನೊಂದನೇ ಹಾಡಿನಲ್ಲಿ ಬರುವ ಒಂದೇ ಒಂದು ‘ಇತ್ತು’ ಅಷ್ಟು ಭಾರವಾಗಿ ಕೇಳುವುದು ಆ ಹಟದಿಂದಲೇ. ಹ್ರಸ್ವ ದೀರ್ಘದ ಕಾವಲೂ ಅವರದೇ. ‘ಹಳೆ’ ಎಂಬಲ್ಲಿ ‘ಹ’ದ ಮೇಲೆ ರಾಗ ಎರಡು ಮಾತ್ರೆ ನಿಂತರೆ ಕಿವಿಗೆ ಅದು ‘ಹಾಳೆ’. ‘ಳೆ’ಯನ್ನು ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ. ಹಾಗಾಗಿ ಪದ ಉಳಿಯಿತು, ಉದ್ದದ ಸ್ವರ ಒಂದು ಅಕ್ಷರ ಮುಂದಕ್ಕೆ ಸರಿಯಿತು.

ಕೋರಸ್ ಹಾಡಿದ ಹನ್ನೆರಡು ಮಕ್ಕಳಿಗೆ, ಅವರನ್ನು ಪಳಗಿಸಿದ ಸಂಗೀತದ ಮೇಡಂಗೆ ದೊಡ್ಡ ಋಣವಿದೆ. ‘ಶಾಲೆ’ ಎಂಬ ಪದವೇ ಕೋರಸ್ಸಿಗೆ ಒಂದು ಕಾಟ. ಹನ್ನೆರಡು ಬಾಯಿಂದ ‘ಶ’ ಒಂದೇ ಕ್ಷಣಕ್ಕೆ ಹೊರಡುವುದಿಲ್ಲ. ಒಬ್ಬರದು ಚೂರು ಮುಂದೆ, ಇನ್ನೊಬ್ಬರದು ಹಿಂದೆ ಆಗಿ, ಪದದ ಮುಂದೆ ಗಾಳಿ ಸೋರಿದಂತಹ ಸದ್ದು ನಿಲ್ಲುತ್ತದೆ. ದನಿಗಳನ್ನೆಲ್ಲ ಬೆರೆಸಿ ಹದ ಮಾಡುವ ಮಿಕ್ಸಿಂಗಿನಲ್ಲಿ ಅದನ್ನು ಒತ್ತಿಹಿಡಿದರೆ ಇಡೀ ದನಿಯೇ ಮಂಕಾಗುತ್ತದೆ. ಮೇಡಂ ಇದಕ್ಕೆ ಬಳಸಿದ ಉಪಾಯ ವೃಂದಗಾನದವರಿಗೆ ಹೊಸದಲ್ಲ: ಇಬ್ಬರು ಮಾತ್ರ ‘ಶಾಲೆ’ ಎನ್ನಬೇಕು, ಉಳಿದ ಹತ್ತು ಮಂದಿ ‘ಆಲೆ’ ಎಂದೇ ಹಾಡಬೇಕು. ಕೇಳುವವರಿಗೆ ಹನ್ನೆರಡೂ ಬಾಯಲ್ಲಿ ‘ಶಾಲೆ’ಯೇ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಪದದ ಬಾಲದಲ್ಲಿ ಈ ತಲೆನೋವಿಲ್ಲ, ಅದೊಂದು ಪುಣ್ಯ.

ರಾಗವನ್ನು ಕೀಬೋರ್ಡಿನ ನಡುವಿನ ‘ಸಿ’ಯಿಂದ ಮೇಲಿನ ಸ್ಥಾಯಿಯ ‘ಡಿ’ಯೊಳಗೆ ಇಟ್ಟದ್ದೂ ಮೇಡಂ ಮಾತಿನಂತೆ. ಅದಕ್ಕೂ ಮೇಲೆ ಹೋದರೆ ಚಿಕ್ಕ ಮಕ್ಕಳು ಹಾಡುವುದು ಬಿಟ್ಟು ಕೂಗುತ್ತಾರೆ. ಇಪ್ಪತ್ತು ನಿಮಿಷ ಹಾಡು, ಹತ್ತು ನಿಮಿಷ ಬಿಡುವು. ಪ್ರತಿ ಟೇಕಿಗೂ ಮಕ್ಕಳು ಜಾಗ ಬದಲಿಸಿ ನಿಲ್ಲಬೇಕು. ಮೂರು ಟೇಕು ಸೇರಿಸಿದಾಗ ಮೂವತ್ತಾರು ಮಂದಿಯ ತರಗತಿ ಕೇಳಿಸುವುದು ಹೀಗೆ. ನಿಂತಲ್ಲೇ ನಿಂತು ಮೂರು ಸಲ ಹಾಡಿದರೆ ಅದೇ ಹನ್ನೆರಡು ದನಿ ದಪ್ಪವಾಗುತ್ತದೆ, ತರಗತಿ ತುಂಬುವುದಿಲ್ಲ.

ಏಳನೇ ಹಾಡು ಧ್ವನಿ ಒಡೆಯುವ ವಯಸ್ಸಿನದು. ಆ ವಯಸ್ಸಿನಲ್ಲಿ ಹುಡುಗರ ಶ್ರುತಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಅದೂ ಒಂದೇ ದಿನದಲ್ಲಿ ಅಲ್ಲ. ನಿನ್ನೆ ಸಿಕ್ಕ ಸ್ವರ ಇವತ್ತು ಕೈಕೊಡುತ್ತದೆ. ಆದ್ದರಿಂದ ರಾಗವನ್ನು ಆರು ಸ್ವರಕ್ಕೆ ಕಟ್ಟಿಹಾಕಿ, ಶ್ರುತಿಯನ್ನು ರೆಕಾರ್ಡಿಂಗ್ ದಿನದವರೆಗೂ ಖಾಲಿ ಬಿಡಬೇಕು. ಎರಡನೇ ಚರಣದಲ್ಲಿ ದನಿ ಕೀರಲಾಗುವ ಜಾಗಕ್ಕೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಹಾಕಲು ಒಪ್ಪದ ಮಿಕ್ಸಿಂಗ್ ಎಂಜಿನಿಯರ್‌ಗೆ ವಿಶೇಷ ವಂದನೆ. ಒಡೆದ ದನಿಯನ್ನು ಅದು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಆಗ ಹುಡುಗ ಹೋಗಿ ಯಂತ್ರ ಹಾಡತೊಡಗುತ್ತದೆ.

ಗಂಟೆಯ ಸದ್ದು ಹಿಡಿದುಕೊಟ್ಟವರ ತಾಳ್ಮೆಯನ್ನೂ ಹೇಳಲೇಬೇಕು. ಲೋಹದ ಗಂಟೆಯ ಮೊದಲ ಏಟು ಸದ್ದಿನ ಮಟ್ಟ ತೋರುವ ಮೀಟರಿನ ಕಣ್ಣಿಗೆ ಬೀಳುವುದಕ್ಕೂ ಮುಂಚೆ ರೆಕಾರ್ಡರಿನ ಮಿತಿ ದಾಟಿ ಒಡೆದುಹೋಗಿರುತ್ತದೆ. ಮೀಟರಿನಲ್ಲಿ ಏಟು ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟ ಇಳಿಸಿ, ಎರಡು ಮೂರು ಮೀಟರ್ ದೂರ ನಿಂತರೆ ಮಾತ್ರ ಉಳಿಯುತ್ತದೆ. ಅಷ್ಟಾದರೂ ಗಂಟೆಯ ಶ್ರುತಿ ಹಾಡಿನ ಶ್ರುತಿಗೆ ಕೂರುವುದಿಲ್ಲ. ಏಟಿನ ನಂತರ ಉಳಿಯುವ ಗುಂಯ್‌ ನಾದವನ್ನು ಹಿಡಿದು, ಅದನ್ನೇ ಆಧಾರ ಮಾಡಿಕೊಂಡು ವೇಗ ಬದಲಿಸಬೇಕು. ಶೇ 6ರಷ್ಟು ನಿಧಾನಿಸಿದರೆ ಸುಮಾರು ಅರ್ಧಸ್ವರ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಶಾಲೆಯ ಗಂಟೆ ಗುಡಿಯ ಗಂಟೆಯಾಗುತ್ತದೆ. ಬೆಂಚು ಬಡಿದವರೇ, ಜಾಮಿಟ್ರಿ ಬಾಕ್ಸ್ ಅಲುಗಿಸಿದವರೇ, ನಿಮ್ಮ ಅಂಗೈಗಳ ನೋವಿಗೆ ಕ್ಷಮೆಯಿರಲಿ.

ಇಡೀ ಆಲ್ಬಮಿನಲ್ಲಿ ಅತಿ ಜಾಣ ಹೊಲಿಗೆ ಹತ್ತು ಮತ್ತು ಹನ್ನೊಂದರ ನಡುವಿನದು. ಹತ್ತನೆಯದು ನಿಮಿಷಕ್ಕೆ 96 ಬಡಿತದ ಕುಣಿತ, ಹನ್ನೊಂದನೆಯದು 72ರ ಬೀಳ್ಕೊಡುಗೆ. ಲೆಕ್ಕ ಹಾಕಿದರೆ 96ರ ವೇಗದ ನಾಲ್ಕು ಬಡಿತಕ್ಕೂ 72ರ ಮೂರು ಬಡಿತಕ್ಕೂ ಹಿಡಿಯುವ ಹೊತ್ತು ಒಂದೇ, ಸರಿಯಾಗಿ 2.5 ಸೆಕೆಂಡು. ಡ್ರಮ್ಸ್ ನಾಲ್ಕರಲ್ಲೇ ಓಡುತ್ತಿರುವಾಗ ಪಿಯಾನೋ ಅದೇ ಅಳತೆಯೊಳಗೆ ಮೂರು ಎಣಿಸತೊಡಗುತ್ತದೆ. ಡ್ರಮ್ಸ್ ನಿಂತಾಗ ವೇಗ ಆಗಲೇ ಬದಲಾಗಿರುತ್ತದೆ, ಯಾರೂ ಬ್ರೇಕ್ ಹಾಕಿರುವುದಿಲ್ಲ. ಇದನ್ನು ಕಾಗದದ ಮೇಲೆ ಕಂಡುಹಿಡಿದ ಡ್ರಮ್ಸ್ ವಾದಕರೇ, ನಿಮಗೆ ಶರಣು.

ಆ 2.5 ಸೆಕೆಂಡನ್ನು ಕೇಳುಗರ ಕಿವಿಯವರೆಗೆ ಕಾಪಾಡಿದವರು ಆಲ್ಬಮಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಎಂಜಿನಿಯರ್. ಹನ್ನೊಂದೂ ಹಾಡನ್ನು ಒಂದೇ ಉದ್ದನೆಯ ಫೈಲಾಗಿ ಮುಗಿಸಿ, ಆಮೇಲೆ ಕತ್ತರಿಸಿದರು. ಸಿಡಿಯಲ್ಲಿ ಒಂದು ಸೆಕೆಂಡಿನ ಸದ್ದು 75 ಫ್ರೇಮ್ ಎಂಬ ತುಣುಕುಗಳಾಗಿರುತ್ತದೆ, ಒಂದೊಂದರಲ್ಲಿ ಸದ್ದಿನ 588 ಅಳತೆ, ಅಂದರೆ ಸ್ಯಾಂಪಲ್. ಕತ್ತರಿ ಫ್ರೇಮಿನ ಗಡಿಯ ಮೇಲೆ ಬೀಳದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬಿಕೊಂಡು ಹಾಡುಗಳ ನಡುವೆ ‘ಟಿಕ್’ ಎನ್ನುತ್ತದೆ. ಎಂಪಿ3 ಮಾಡಿದರೂ ತುದಿಗಳಲ್ಲಿ ಮೌನ ಸೇರುವುದರಿಂದ ಆನ್‌ಲೈನ್ ಸೇವೆಗಳಿಗೆ ಹೋದದ್ದು ವೇವ್ ಫೈಲುಗಳೇ. ಲೈಬ್ರರಿಯ ಪಿಸುಮಾತಿನ ಹಾಡನ್ನು ಆಟದ ಮೈದಾನದ ಹಾಡಿನಷ್ಟೇ ಜೋರು ಮಾಡಿ ಎಂಬ ಸಲಹೆಗಳು ಬಂದಾಗಲೂ ಅವರು ಜಗ್ಗಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆತಂದು ಕಾದು ಕೂತ ತಂದೆತಾಯಂದಿರಿಗೆ ಎಷ್ಟು ಹೇಳಿದರೂ ಸಾಲದು.

ಕೊನೆಯದಾಗಿ, ಮೊದಲ ಹಾಡಿನಿಂದ ಕೊನೆಯವರೆಗೆ ವರಸೆ ತಪ್ಪಿಸದೆ ಕೇಳಿ ಬರೆದ ಎಲ್ಲರಿಗೂ ಧನ್ಯವಾದ. ಕೊನೆಯ ಗಂಟೆ ಅರ್ಧಕ್ಕೇ ಕರಗುತ್ತಿದೆ ಎಂದು ಬರೆದವರು ನಿಮ್ಮ ಆ್ಯಪಿನ ಸೆಟ್ಟಿಂಗಿನಲ್ಲಿ ಒಂದು ಹಾಡನ್ನು ಮುಂದಿನದರೊಳಗೆ ಕರಗಿಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ ನೋಡಿ, ಹಾಡಿನ ವರಸೆ ಕಲಸುವ ಶಫಲ್ ಕೂಡ ಆರಿಸಿ. ಗಂಟೆ ಪೂರ್ತಿ ಒಂಬತ್ತು ಸೆಕೆಂಡು ಗುಂಯ್‌ಗುಡುತ್ತದೆ.