ಸೂರ್ಯ ಮಂಕಾದಾನು ಅಂತ ಮನೆ ಮಾರಬೇಡ ಮಗಳೇ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಮಾಯವಾಗಿ ಹಿಮಯುಗ ಬರುತ್ತದೆ ಅಂತ ಹೆದರಿ, ಮನೆ ಮಾರಿ ಬಿಸಿಲಿನ ಸೀಮೆಗೆ ಹೋಗುವ ಯೋಚನೆ ಮಾಡಿದ್ದೀರಿ ಅಂತ ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮನೆ ಮಾರಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ.

ನೀನು ಓದಿದ್ದು ಪೂರ್ತಿ ಸುಳ್ಳಲ್ಲ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. 1645ರಿಂದ 1715ರವರೆಗೆ ಮಾತ್ರ ಕಾಣಿಸಿದ್ದೇ ಅಪರೂಪ. ಆ ಕಾಲಕ್ಕೆ ಮಾಂಡರ್ ಅನ್ನುವ ಖಗೋಳ ವಿಜ್ಞಾನಿಯ ಹೆಸರಿನಲ್ಲಿ ಮಾಂಡರ್ ಕನಿಷ್ಠ ಅನ್ನುತ್ತಾರೆ. 1683-84ರ ಚಳಿಗಾಲದಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ, ಜನ ಅದರ ಮೇಲೇ ಅಂಗಡಿ ಹಾಕಿ ಜಾತ್ರೆ ಮಾಡಿದರು. ಆದರೆ ಆ ಚಿತ್ರ ತೋರಿಸಿ ಹೆದರಿಸುವವರು ಅಲ್ಲಿದ್ದ ಹಳೇ ಸೇತುವೆಯ ಸುದ್ದಿ ಎತ್ತುವುದಿಲ್ಲ. ಅದರ ಕಂಬಗಳು ಒತ್ತೊತ್ತಾಗಿದ್ದವು, ನೀರು ನಿಧಾನವಾಗಿ ಹರಿಯುತ್ತಿತ್ತು. ಅಂಥ ನೀರು ಬೇಗ ಗಟ್ಟಿಯಾಗುತ್ತದೆ ಅಲ್ವಾ? 1831ರಲ್ಲಿ ಅದನ್ನು ಕೆಡವಿದ ಮೇಲೆ ಅಲ್ಲಿ ಅಂಥ ಜಾತ್ರೆ ನಡೆಯಲೇ ಇಲ್ಲ. ಚಳಿಯೂ ಕಲೆಗಳು ಹೋಗುವ ಮೊದಲೇ ಶುರುವಾಗಿತ್ತು. ಜ್ವಾಲಾಮುಖಿಗಳ ಪಾಲೂ ಅದರಲ್ಲಿತ್ತು.

ಕಲೆ ತುಂಬಿದ ವರ್ಷಕ್ಕೂ ಖಾಲಿ ವರ್ಷಕ್ಕೂ ನಮಗೆ ಬರುವ ಸೂರ್ಯನ ಶಾಖದಲ್ಲಿರುವ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. ಮಾಂಡರ್ ಕಾಲ ಮರಳಿದರೂ ಭೂಮಿ ಒಟ್ಟಾರೆ ತಣ್ಣಗಾಗುವುದು ಸುಮಾರು 0.1ರಿಂದ 0.3 ಡಿಗ್ರಿ ಅಂತ ವಿಜ್ಞಾನಿಗಳ ಲೆಕ್ಕ. ಬಡಗಣ ದೇಶಗಳ ಚಳಿಗಾಲ ಇನ್ನೂ ಸ್ವಲ್ಪ ಬಿಗಿಯಾಗಬಹುದು. ನಾವು ಹೊಗೆ ಬಿಟ್ಟು ಏರಿಸಿರುವುದು ಈಗಾಗಲೇ 1 ಡಿಗ್ರಿಗಿಂತ ಜಾಸ್ತಿ.

ಸುಮ್ಮನಿದ್ದ ಸೂರ್ಯನನ್ನು ನಾನೂ ಕಂಡಿದ್ದೇನೆ. 2008, 2009ರಲ್ಲಿ ವಾರಗಟ್ಟಲೆ ಒಂದು ಕಲೆಯೂ ಇರಲಿಲ್ಲ. ದೂರದ ಗೆಳೆಯರ ಜೊತೆ ಹವ್ಯಾಸಕ್ಕೆ ಮಾತಾಡುವ ನನ್ನ ಹ್ಯಾಮ್ ರೇಡಿಯೊದಲ್ಲಿ 10 ಮೀಟರ್ ಬ್ಯಾಂಡ್ ದಿನಗಟ್ಟಲೆ ಬರೀ ಸರಸರ ಅನ್ನುತ್ತಿತ್ತು; ಕಲೆಗಳು ಕಡಿಮೆಯಾದರೆ ಆ ಅಲೆಗಳು ದೂರ ಹೋಗುವುದು ಕಷ್ಟ. ರಾತ್ರಿ 40 ಮೀಟರ್ ಬ್ಯಾಂಡಿಗೆ ಇಳಿದು ಗೆಳೆಯರನ್ನು ಹುಡುಕುತ್ತಿದ್ದೆ. ಆಗಲೂ ಹಿಮಯುಗದ ಗುಲ್ಲೆದ್ದಿತ್ತು. 2024ರಲ್ಲಿ ನೋಡು, ಅಂದಾಜಿಗಿಂತ ಜಾಸ್ತಿಯೇ ಕಲೆಗಳು ಬಂದವು.

ಹಾಗಂತ ಕೈಕಟ್ಟಿ ಕೂರು ಅನ್ನುವುದಿಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಯುರೋಪಿನಲ್ಲೂ ಅಮೆರಿಕದ ಈಶಾನ್ಯದಲ್ಲೂ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು. ನನಗೆ ಭಯವಿರುವುದು ಅಂಥ ಒಂದು ವರ್ಷದ್ದು. ಅದಕ್ಕೆ ಕೆಲವು ತಿಂಗಳ ಧಾನ್ಯ ಮನೆಯಲ್ಲಿರಲಿ. ಹಳೆಯದನ್ನು ಮೊದಲು ಬಳಸಿ ಹೊಸದನ್ನು ತುಂಬುತ್ತಾ ಹೋಗು. ಚೆನ್ನಾಗಿ ಒಣಗಿಸು. ನಾನೊಮ್ಮೆ ಅವಸರದಲ್ಲಿ ಹಸಿ ಕಾಳನ್ನೇ ಡಬ್ಬಕ್ಕೆ ತುಂಬಿಬಿಟ್ಟೆ. ತೆರೆದಾಗ ಮುಚ್ಚಳದ ಒಳಗೆಲ್ಲ ಹುಳ ಹರಿದಾಡುತ್ತಿತ್ತು, ಕಾಳು ಮುಟ್ಟಿದರೆ ಪುಡಿ. ಅಂದಿನಿಂದ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿ ನೋಡುತ್ತೇನೆ. ಕಟ್ ಅಂತ ಮುರಿದರೆ ಮಾತ್ರ ಡಬ್ಬಕ್ಕೆ. ಬೇಗ ಬೆಳೆ ಕೊಡುವ ತಳಿಯ ಬೀಜವನ್ನೂ ಒಂದಿಷ್ಟು ಎತ್ತಿಡು.

ಪುಟ್ಟನಿಗೆ ಸೂರ್ಯನ ಕಲೆ ತೋರಿಸು. ಹಳೇ ಬೈನಾಕ್ಯುಲರಿನ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿದರೆ ಸಾಕು. ಅದರೊಳಗಿಂದ ಸೂರ್ಯನನ್ನು ನೋಡಲು ಮಾತ್ರ ಬಿಡಬೇಡ, ಕಣ್ಣೇ ಹೋದೀತು. ಅವನು ಬರೆದ ಚಿತ್ರ ನನಗೆ ಕಳಿಸು.

ಮನೆಯ ವಿಷಯ ಅಳಿಯಂದಿರ ಹತ್ತಿರ ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ನಿನ್ನ ದೊಡ್ಡಪ್ಪ