ನಿಮಗೆಲ್ಲ ಥ್ಯಾಂಕ್ಸ್, ಆ ಗಡಸು ದನಿಯ ಹುಡುಗನಿಗೂ

ಮೊನ್ನೆ ಇಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನಡೆದ ನಮ್ಮ ರಾಜ್ಯೋತ್ಸವದ ಮಕ್ಕಳ ನಾಟಕದಲ್ಲಿ ನಮ್ಮ ಮಗ ಊರ ಗೌಡನಾಗಿದ್ದ. ಇದ್ದದ್ದು ನಾಲ್ಕೇ ಮಾತು. ಅಷ್ಟಕ್ಕೇ ನೀವೆಲ್ಲ ಅಷ್ಟು ಚಪ್ಪಾಳೆ ತಟ್ಟಿದಿರಿ, ಆಮೇಲೆ ಊಟದ ಸಾಲಿನಲ್ಲೂ ಅವನನ್ನು "ಗೌಡ್ರೇ, ಚಿತ್ರಾನ್ನ ಸಾಕಾ" ಅಂತ ಮಾತಾಡಿಸಿದಿರಿ. ಅದು ನಮಗೆ ಎಷ್ಟು ದೊಡ್ಡ ವಿಷಯ ಅಂತ ಕೆಲವರಿಗಷ್ಟೇ ಗೊತ್ತು. ಮಿಕ್ಕವರಿಗೂ ಹೇಳಬೇಕು ಅನ್ನಿಸಿತು.

ಹೋದ ವರ್ಷದಿಂದ ಅವನ ದನಿ ಒರಟಾಗಿತ್ತು. ಶೀತ ಅಂದುಕೊಂಡೆವು, ಕಷಾಯ ಕುಡಿಸಿದೆವು, ಹೋಗಲಿಲ್ಲ. ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಕೂಗಾಡಿ ಆಡುವ ಮಕ್ಕಳಿಗೆ ಇದು ಆಗುತ್ತದೆ, ಆಪರೇಷನ್ ಏನೂ ಬೇಡ, ವಾಯ್ಸ್ ಥೆರಪಿ ಸಾಕು ಅಂದರು ಡಾಕ್ಟರು. ನಮಗೆ ಉಸಿರು ಬಂತು. ಅವನಿಗೆ ಬರಲಿಲ್ಲ. ಶಾಲೆಯಲ್ಲಿ ಅವನಿಗೆ ಆಗಲೇ "ಕಪ್ಪೆ" ಅಂತ ಹೆಸರು ಬಿದ್ದಿತ್ತು. ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. ಕೊನೆಗೆ ಮನೆಯಲ್ಲೂ ತಲೆ ಆಡಿಸಿಯೇ ಉತ್ತರ.

ಆಗ ಮೈಸೂರಿಂದ ನಮ್ಮ ಅಪ್ಪ ಬಂದಿದ್ದರು. ಅವರಿಗೆ ಹಳೇ ಇಂಗ್ಲಿಷ್ ಸಿನಿಮಾದ ಹುಚ್ಚು. ಒಂದು ಸಂಜೆ "ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್" ಹಾಕಿಕೊಂಡು ಕೂತರು. 1953ರ ಚಿತ್ರ, ಹೋವರ್ಡ್ ಹಾಕ್ಸ್ ನಿರ್ದೇಶನ, ಮರ್ಲಿನ್ ಮನ್ರೋ, ಜೇನ್ ರಸೆಲ್. ಚಿಕ್ಕ ಹುಡುಗನಿಗೆ ತೋರಿಸುವ ಸಿನಿಮಾನಾ ಇದು ಅಂತ ನಾನು ಗೊಣಗಿದೆ. "ಸುಮ್ನೆ ಇರಮ್ಮ, ಒಬ್ಬ ಬರ್ತಾನೆ ನೋಡು" ಅಂದರು.

ಅವನು ಬಂದ. ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಹೆನ್ರಿ ಸ್ಪಾಫರ್ಡ್ ದ ಥರ್ಡ್ ಅನ್ನುವ ಹೆಸರು ಕಂಡು, ಯಾರೋ ದೊಡ್ಡ ಸಾಹುಕಾರ ಇರಬೇಕು ಅಂತ ಮನ್ರೋ ತನ್ನ ಗೆಳತಿಗಾಗಿ ಅವನನ್ನು ತಮ್ಮ ಊಟದ ಮೇಜಿಗೇ ಹಾಕಿಸಿರುತ್ತಾಳೆ. ಬಂದು ನಿಂತದ್ದು ಪುಟಾಣಿ ಹುಡುಗ. ಬಾಯಿ ತೆರೆದರೆ ಅರವತ್ತು ವರ್ಷದ ಯಜಮಾನರ ದನಿ! ನನ್ನ ಮಗ ಸೋಫಾದಿಂದ ಇಳಿದು ಟಿವಿ ಮುಂದೆ ಹೋಗಿ ಕೂತ. ಆಮೇಲೆ ಮನ್ರೋ ಹಡಗಿನ ಕಿಟಕಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳಲ್ಲ, ಆಗ ಇವನು ಎರಡು ಕಾರಣಕ್ಕೆ ಸಹಾಯ ಮಾಡುತ್ತೇನೆ ಅನ್ನುತ್ತಾನೆ. ಒಂದು, ಜೈಲಿಗೆ ಹಾಕುವಷ್ಟು ವಯಸ್ಸು ತನಗಾಗಿಲ್ಲ. ಎರಡನೆಯ ಕಾರಣ ಮನ್ರೋಗೆ ಸಂಬಂಧಪಟ್ಟದ್ದು, ಅದನ್ನು ಮೊಮ್ಮಗನಿಗೆ ವಿವರಿಸಲು ಅಪ್ಪ ಹೋಗಲಿಲ್ಲ. ಅಷ್ಟರಲ್ಲಿ ಒಬ್ಬ ಮುದುಕ ಬರುತ್ತಾನೆ, ಹುಡುಗ ಕಂಬಳಿಯೊಳಗೆ ಅಡಗಿ ಅವಳ ಕೈ ಬದಲು ತನ್ನ ಕೈ ಚಾಚುತ್ತಾನೆ, ಗಡಸು ದನಿಯಲ್ಲಿ ಗದರುತ್ತಾನೆ, ಅವಳು ಗಂಟಲು ಕೆಟ್ಟಿದೆ ಅಂತ ಸಾಗಹಾಕುತ್ತಾಳೆ. ನಮ್ಮವನು ಬಿದ್ದು ಬಿದ್ದು ನಕ್ಕ. ಆ ಒರಟು ದನಿಯಲ್ಲೇ, ಜೋರಾಗಿ. ಎಷ್ಟೋ ದಿನಗಳಾಗಿತ್ತು ಆ ನಗು ಕೇಳಿ.

ಆ ದೃಶ್ಯಗಳಲ್ಲಿ ನನಗೆ ಇಷ್ಟವಾದದ್ದು, ಅವನ ದನಿಯನ್ನು ಅಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಪೇಚಿಗೆ ಸಿಕ್ಕುವುದು ದೊಡ್ಡವರು. ಇಡೀ ಹಡಗಿನಲ್ಲಿ ಗಂಭೀರವಾಗಿರುವವನು ಇವನೊಬ್ಬನೇ. ಮೂಲ ಕಾದಂಬರಿಯಲ್ಲಿ ಈ ಸ್ಪಾಫರ್ಡ್ ಬೆಳೆದ ಗಂಡಸು, ಸಿನಿಮಾದವರು ಅವನನ್ನು ಹುಡುಗನಾಗಿಸಿದರು. ಒಳ್ಳೆಯದೇ ಮಾಡಿದರು ಅಲ್ವಾ?

ಆ ಹುಡುಗನ ಪಾತ್ರ ಮಾಡಿದ್ದು ಜಾರ್ಜ್ ವಿನ್ಸ್ಲೋ. ಹುಟ್ಟಿದ್ದು 1946ರಲ್ಲಿ. ಆರ್ಟ್ ಲಿಂಕ್‌ಲೆಟರ್ ಅವರ ರೇಡಿಯೋ ಕಾರ್ಯಕ್ರಮದಲ್ಲಿ ಅವನ ದನಿ ಕೇಳಿ ಸಿನಿಮಾಕ್ಕೆ ಕರೆತಂದದ್ದು ಹಾಲಿವುಡ್ ನಟ ಕ್ಯಾರಿ ಗ್ರಾಂಟ್. ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸಲು ಗಡಸಾಗಿ ಮೊಳಗಿಸುವ "ಫಾಗ್‌ಹಾರ್ನ್" ಕೊಂಬಿನ ಹೆಸರನ್ನೇ ಅವನಿಗೆ ಅಡ್ಡಹೆಸರು ಮಾಡಿ, ಪೋಸ್ಟರಿನಲ್ಲೂ ಹಾಕಿದರು. 1958ರ ಹೊತ್ತಿಗೆ ನಟನೆ ಬಿಟ್ಟ. ಮುಂದೆ ನೌಕಾಪಡೆ, ಆಮೇಲೆ ಅಂಚೆ ಇಲಾಖೆಯ ಕೆಲಸ. ಇಲ್ಲೇ ನಮ್ಮ ಉತ್ತರ ಕ್ಯಾಲಿಫೋರ್ನಿಯಾದ ಕ್ಯಾಂಪ್ ಮೀಕರ್ ಅನ್ನುವ ಊರಿನಲ್ಲಿದ್ದರಂತೆ. 2015ರಲ್ಲಿ, 69ನೇ ವಯಸ್ಸಿನಲ್ಲಿ ತೀರಿಕೊಂಡರು. ಇದ್ದಿದ್ದರೆ ಒಂದು ಕಾಗದ ಹಾಕುತ್ತಿದ್ದೆ. ಈಗ ಇಲ್ಲೇ ಹೇಳುತ್ತೇನೆ: ಸರ್, ತುಂಬಾ ಥ್ಯಾಂಕ್ಸ್.

ಹಾಗಂತ ಸಿನಿಮಾ ನೋಡಿ ಗಂಟಲು ವಾಸಿಯಾಗಲಿಲ್ಲ. ಅದನ್ನು ಮಾಡಿದ್ದು ನಮ್ಮ ಥೆರಪಿಸ್ಟ್. ನೀರು ಕುಡಿಸುವುದು, ಕಿರುಚದೆ ಕರೆಯುವುದು, ಉಸಿರು ಹಿಡಿದು ಬಿಡುವುದು, ಎಲ್ಲವನ್ನೂ ಆಟ ಮಾಡಿ ಕಲಿಸಿದ ಅವರ ತಾಳ್ಮೆಗೆ ದೊಡ್ಡ ನಮಸ್ಕಾರ. ದನಿ ಈಗ ಮುಕ್ಕಾಲು ಪಾಲು ಸರಿಹೋಗಿದೆ. ಆದರೆ ಅಲ್ಲಿಗೆ ಹೋಗಿ ಬಾಯಿ ತೆರೆಯುವ ಮನಸ್ಸು ಬಂದದ್ದು ಆ ಸಂಜೆಯ ನಂತರವೇ.

ನಾಟಕದ ಮೇಡಂಗೂ ಒಂದು ಮಾತು. ಅವನನ್ನು ಮರವಾಗಿ ನಿಲ್ಲಿಸಿಬಿಡಿ, ಮಾತು ಬೇಡ ಅಂತ ನಾನು ಕೇಳಿಕೊಂಡಿದ್ದೆ. ನೀವು ಕೇಳಲಿಲ್ಲ. "ಈ ದನಿ ಇಟ್ಕೊಂಡು ಮರ ಯಾಕೆ, ಗೌಡನೇ ಆಗಲಿ" ಅಂದಿರಿ. ಅಪ್ಪ ವೀಡಿಯೋ ನೋಡಿ ಮೈಸೂರಿನ ಅರ್ಧ ಬೀದಿಗೆ ಕಳಿಸಿದ್ದಾರೆ.

ಅಂದಹಾಗೆ, ಗೌಡರ ಮೀಸೆ ಮತ್ತು ರುಮಾಲು ನಮ್ಮ ಕಾರಿನಲ್ಲೇ ಉಳಿದಿವೆ. ಯಾರದು ಅಂತ ಹೇಳಿದರೆ ತಂದುಕೊಡುತ್ತೇನೆ. ರುಮಾಲು ಕೊಡಲು ಅವನು ಒಪ್ಪಿದ್ದಾನೆ, ಮೀಸೆಗೆ ಇನ್ನೂ ಒಪ್ಪಿಲ್ಲ.